‘ನಮ್ಮ ಸರಹದ್ದಿಗೆ ಬರಲ್ಲ, ಹೋಗಮ್ಮ’

ತವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಕಡೆ. ಗಂಡನ ಮನೆ ಪಕ್ಕದ ಜಿಲ್ಲೆಯಲ್ಲಿ. ನಡುವೆ ಒಂದೂವರೆ ಗಂಟೆಯ ಬಸ್ಸಿನ ದಾರಿ, ಅಷ್ಟೆ. ಮದುವೆಯಲ್ಲಿ ಮಾತಾಡಿದ್ದ ಬೈಕು, ಸರ, ಉಂಗುರ ಎಲ್ಲ ಕೊಟ್ಟಾಗಿತ್ತು. ತೋಟದ ಬೋರ್‌ವೆಲ್ ಬತ್ತಿದ ಮೇಲೆ ಹೊಸದನ್ನು ಕೊರೆಸಲು ತವರಿನಿಂದ ದುಡ್ಡು ತರಲಿಲ್ಲ ಎಂಬುದು ಈಗಿನ ತಪ್ಪು. ಮುಖ ಬಾತುಕೊಂಡು, ಎರಡು ವರ್ಷದ ಮಗುವನ್ನು ಸೊಂಟಕ್ಕೇರಿಸಿಕೊಂಡು, ಬೆಳಗಿನ ಮೊದಲ ಬಸ್ಸಿಗೆ ತವರಿಗೆ ಬಂದವಳನ್ನು ನಾವಿಬ್ಬರು ಠಾಣೆಗೆ ಕರೆದುಕೊಂಡು ಹೋದೆವು. ಯಾವ ಠಾಣೆ ಎಂದು ಬರೆಯುವುದಿಲ್ಲ. ಯಾವುದಾಗಿದ್ದರೂ ಮಾತು ಬೇರೆಯಾಗುತ್ತಿರಲಿಲ್ಲ.

‘ಏಟು ಬಿದ್ದಿದ್ದು ಎಲ್ಲಮ್ಮ?’

‘ಗಂಡನ ಮನೇಲಿ ಸಾರ್.’

‘ಹಂಗಾದ್ರೆ ನಮ್ಮ ಸರಹದ್ದಿಗೆ ಬರಲ್ಲ, ಹೋಗಮ್ಮ. ಅಲ್ಲಿನ ಸ್ಟೇಷನ್ನಿಗೆ ಕೊಡು.’

ಅಲ್ಲಿನ ಸ್ಟೇಷನ್ನಿಗೆ ಅವಳು ಎರಡು ಸಲ ಹೋಗಿ ಬಂದಿದ್ದಳು. ಎರಡು ಸಲವೂ ಊರಿನ ಯಜಮಾನರನ್ನು ಕರೆಸಿ ಮಾತಾಡಿಸಿ, ‘ಇನ್ಮೇಲೆ ಚೆನ್ನಾಗಿ ನೋಡ್ಕೊತೀನಿ’ ಎಂದು ಗಂಡನಿಂದ ಬರೆಸಿಕೊಂಡು ಮನೆಗೆ ಕಳಿಸಿದ್ದರು. ಏಟು ತಿಂದ ಊರಿಗೇ ವಾಪಸು ಹೋಗಿ, ಅದೇ ಬಸ್ ನಿಲ್ದಾಣದಲ್ಲಿ ಇಳಿದು, ಭಾವ ಮೈದುನರ ಕಣ್ಣೆದುರೇ ನಡೆದುಕೊಂಡು ಠಾಣೆ ಹತ್ತು, ಆಮೇಲೆ ಸಾಕ್ಷಿ ನುಡಿಯಲು ಅಲ್ಲಿನ ಕೋರ್ಟಿಗೇ ಬಾ ಎನ್ನುವುದಕ್ಕಿಂತ ‘ದೂರು ಕೊಡಬೇಡ’ ಎಂದು ನೇರವಾಗಿ ಹೇಳುವುದು ಪ್ರಾಮಾಣಿಕವಾಗಿರುತ್ತಿತ್ತು.

ನಮ್ಮ ಸೀಮೆಯ ನಕಾಶೆಯನ್ನು ಒಮ್ಮೆ ನೋಡಿ. ತಿಪಟೂರಿನಿಂದ ಬಿ.ಎಚ್. ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಅರಸೀಕೆರೆ, ಅದು ಹಾಸನ ಜಿಲ್ಲೆ. ತುರುವೇಕೆರೆಯ ಮಗ್ಗುಲಿಗೆ ಮಂಡ್ಯ ಜಿಲ್ಲೆಯ ನಾಗಮಂಗಲ, ಇನ್ನೊಂದು ಕಡೆ ಚನ್ನರಾಯಪಟ್ಟಣ. ಚಿಕ್ಕನಾಯಕನಹಳ್ಳಿ ದಾಟಿದರೆ ಹೊಸದುರ್ಗ, ಹಿರಿಯೂರು, ಅಂದರೆ ಚಿತ್ರದುರ್ಗ ಜಿಲ್ಲೆ. ತೆಂಗು ಯಾವ ಜಿಲ್ಲೆಯ ಗಡಿಯನ್ನೂ ನೋಡಿ ಬೆಳೆದಿಲ್ಲ. ಹೆಣ್ಣು ಕೊಡುವುದು ತರುವುದೂ ಹಾಗೆಯೇ, ತೋಟ ಇರುವ ಕಡೆಯಿಂದ ತೋಟ ಇರುವ ಕಡೆಗೆ. ಹೆಣ್ಣನ್ನು ಧಾರೆ ಎರೆದು ಕೊಡುವಾಗ ಅಡ್ಡ ಬರದ ಗಡಿ, ಅವಳು ಏಟು ತಿಂದು ಹಿಂದಿರುಗಿದಾಗ ಮಾತ್ರ ಎಲ್ಲಿಂದ ಎದ್ದು ನಿಲ್ಲುತ್ತದೆ?

ಕಾನೂನು ಇಷ್ಟು ಕುರುಡಾಗಿಲ್ಲ ಎಂಬುದು ಸಿಟ್ಟು ಬರಿಸುವ ಸಂಗತಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 27ನೇ ಕಲಂ ಓದಿ. ನೊಂದ ಹೆಂಗಸು ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ಎಲ್ಲಿ ವಾಸವಿದ್ದಾಳೋ, ಎಲ್ಲಿ ದುಡಿಯುತ್ತಾಳೋ, ಅಲ್ಲಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೇಳುವ ಅಧಿಕಾರವಿದೆ. ಗಂಡ ಇರುವ ಊರಿನ ಕೋರ್ಟಿಗೂ ಇದೆ, ಹಿಂಸೆ ನಡೆದ ಊರಿನ ಕೋರ್ಟಿಗೂ ಇದೆ. ಮೂರರಲ್ಲಿ ಯಾವುದು ಎಂದು ಆರಿಸುವವಳು ಅವಳು. ಅಷ್ಟೇ ಅಲ್ಲ, ಒಂದು ಕೋರ್ಟು ಕೊಟ್ಟ ಆದೇಶ ಇಡೀ ದೇಶದಲ್ಲಿ ಜಾರಿಯಾಗಬೇಕು ಎಂದೂ ಅದೇ ಕಲಂ ಹೇಳುತ್ತದೆ. ಚಿಕ್ಕನಾಯಕನಹಳ್ಳಿಯ ಮ್ಯಾಜಿಸ್ಟ್ರೇಟರು ‘ಇವಳ ಮೈ ಮುಟ್ಟಕೂಡದು’ ಎಂದು ಬರೆದರೆ ಅದು ಹೊಸದುರ್ಗದಲ್ಲೂ ನಡೆಯಬೇಕು, ಬೊಂಬಾಯಿಯಲ್ಲೂ ನಡೆಯಬೇಕು. ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ.

‘ತಾತ್ಕಾಲಿಕ’ ಎಂಬ ಒಂದು ಪದವನ್ನು ಹಿಡಿದುಕೊಂಡು ಗಂಡನ ಕಡೆಯ ವಕೀಲರು ಎಷ್ಟು ವಾಯಿದೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕೋರ್ಟಿನ ಜಗಲಿಯಲ್ಲಿ ಕೂತವರು ಬಲ್ಲರು. ‘ಈಕೆಯ ಆಧಾರ್ ಕಾರ್ಡಿನಲ್ಲಿ ಗಂಡನ ಊರಿನ ವಿಳಾಸವಿದೆ, ರೇಷನ್ ಕಾರ್ಡು ಅಲ್ಲಿದೆ, ಓಟು ಅಲ್ಲಿದೆ, ಆದ್ದರಿಂದ ಈ ನ್ಯಾಯಾಲಯಕ್ಕೆ ವ್ಯಾಪ್ತಿಯಿಲ್ಲ.’ ಉಟ್ಟ ಸೀರೆಯಲ್ಲಿ ಓಡಿ ಬಂದವಳು ಆಧಾರ್ ತಿದ್ದಿಸಿಕೊಂಡು ಬರಬೇಕಿತ್ತೇ? ಕಾಯ್ದೆ ರೇಷನ್ ಕಾರ್ಡು ಕೇಳಿಲ್ಲ. ಅವಳು ತಲೆ ಊರಿದ ಜಾಗ ಯಾವುದು ಎಂದಷ್ಟೇ ಕೇಳಿದೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಂಡ ಚೆನ್ನೈನಲ್ಲಿ, ಹೆಂಡತಿ ಬೆಂಗಳೂರಿನಲ್ಲಿ ತಂದೆ ತಾಯಿಯ ಜೊತೆ. ಅವಳು ಬೆಂಗಳೂರಿನಲ್ಲಿ ಹಾಕಿದ ಅರ್ಜಿಯನ್ನು ಅಲ್ಲಿನ ಕೋರ್ಟು ಕೇಳಬಹುದು ಎಂದು 2020ರ ಜನವರಿಯಲ್ಲಿ ತೀರ್ಪಾಯಿತು. ತಿಪಟೂರಿಗೂ ತುರುವೇಕೆರೆಗೂ ಅದೇ ಕಾನೂನು.

ಇದು ರಕ್ಷಣಾ ಆದೇಶದ ಮಾತಾಯಿತು. ಕ್ರಿಮಿನಲ್ ಕೇಸಿನ ಕತೆ ಇದಕ್ಕಿಂತ ಉದ್ದ. 1983ರಲ್ಲಿ ದಂಡ ಸಂಹಿತೆಗೆ 498-ಎ ಸೇರಿಸಿಕೊಳ್ಳಲು ದೇಶದ ಹೆಂಗಸರು ಬೀದಿಗಿಳಿಯಬೇಕಾಯಿತು. ಕಲಂ ಬಂತು. ಆದರೆ ‘ಅಪರಾಧ ಎಲ್ಲಿ ನಡೆಯಿತೋ ಅಲ್ಲೇ ವಿಚಾರಣೆ’ ಎಂಬ ಹಳೆಯ ನಿಯಮ ಅದರ ಬೆನ್ನಿಗೇ ಇತ್ತು. 2004ರಲ್ಲಿ, ನಾಗರಕೋಯಿಲಿನ ಗಂಡನ ಮನೆಯಿಂದ ಚೆನ್ನೈಗೆ ಬಂದ ಹೆಣ್ಣೊಬ್ಬಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಚೆನ್ನೈನಲ್ಲಿ ಏನೂ ನಡೆದಿಲ್ಲ, ಅಲ್ಲಿನ ಕೋರ್ಟಿಗೆ ಅಧಿಕಾರವಿಲ್ಲ ಎಂದಿತು. ಆ ತೀರ್ಪನ್ನು ಎತ್ತಿ ಹಿಡಿದು ದೇಶದ ಉದ್ದಗಲಕ್ಕೂ ಎಷ್ಟೋ ಹೆಂಗಸರ ದೂರುಗಳನ್ನು ಗಂಡನ ಊರಿಗೆ ಅಟ್ಟಲಾಯಿತು. ಬೇರೆ ಪೀಠಗಳು ಬೇರೆ ಮಾತು ಹೇಳಿದ್ದೂ ಉಂಟು. ಕೊನೆಗೆ 2019ರ ಏಪ್ರಿಲ್ 9ರಂದು ರೂಪಾಲಿ ದೇವಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗಂಟು ಬಿಡಿಸಿತು. ಕ್ರೌರ್ಯವೆಂದರೆ ಮೈಮೇಲಿನ ಏಟು ಮಾತ್ರವಲ್ಲ, ಮನಸ್ಸಿನ ಮೇಲಿನದೂ ಹೌದು. ಹೆಣ್ಣು ತವರಿಗೆ ಬಂದ ಮೇಲೂ ಆ ನೋವು ಅವಳ ಜೊತೆಗೇ ಬಂದಿರುತ್ತದೆ. ಆದ್ದರಿಂದ ಪ್ರಕರಣದ ಸಂಗತಿಗಳನ್ನು ನೋಡಿಕೊಂಡು ಅವಳು ಆಶ್ರಯ ಪಡೆದ ಊರಿನ ಕೋರ್ಟೂ ವಿಚಾರಣೆ ನಡೆಸಬಹುದು ಎಂದಿತು.

ಏಟು ಬಿದ್ದ ಜಾಗದಲ್ಲೇ ನೋವೂ ಉಳಿದುಬಿಡುತ್ತದೆ ಎಂದು ನಂಬಲು ಓದಿದವರಿಗೆ ಮಾತ್ರ ಸಾಧ್ಯ. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹದಿನೈದು ವರ್ಷ ಬೇಕಿರಲಿಲ್ಲ.

ಇನ್ನು ಠಾಣೆಯ ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ಹೊಸ ಸಂಹಿತೆಯ 173ನೇ ಕಲಂ, ಅಪರಾಧ ಯಾವ ಪ್ರದೇಶದಲ್ಲಿ ನಡೆದಿದ್ದರೂ ಠಾಣೆ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು ಎನ್ನುತ್ತದೆ. ಜನ ಇದಕ್ಕೆ ಜೀರೋ ಎಫ್.ಐ.ಆರ್. ಎನ್ನುತ್ತಾರೆ. ದಾಖಲಿಸಿಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ, ಹೊತ್ತುಕೊಂಡು ಓಡಾಡುವುದು ಅವಳ ಕೆಲಸವಲ್ಲ. ಹೀಗಿದ್ದೂ ‘ಸರಹದ್ದಿಗೆ ಬರಲ್ಲ’ ಎಂಬ ಮಾತು ಇನ್ನೂ ಸತ್ತಿಲ್ಲ. ಅದು ಕಾನೂನಿನ ಮಾತಲ್ಲ, ಕೆಲಸ ತಪ್ಪಿಸಿಕೊಳ್ಳುವ ಮಾತು. ಆ ದಿನ ನಾವು ಕಲಂ ನಂಬರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟೆವು. ‘ನೀವೇನು ಲಾಯರಾ?’ ಎಂದರು. ಅಲ್ಲ ಎಂದೆವು. ಸಂಜೆ ಐದಕ್ಕೆ ದೂರು ಬರೆದುಕೊಂಡರು.

ಗಂಡಂದಿರ ಪರವಾಗಿ ಒಂದು ವಾದವಿದೆ, ಅದನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ‘ಹೆಂಗಸು ತನಗೆ ಬೇಕಾದ ಕಡೆ ಹೋಗಿ ಕೂತು ಕೇಸು ಹಾಕಿದರೆ, ಎಪ್ಪತ್ತು ವರ್ಷದ ಅತ್ತೆ ಮಾವ ಊರೂರು ಅಲೆಯಬೇಕೆ? ನೆಂಟರನ್ನೆಲ್ಲ ಸೇರಿಸಿ ಹಿಂಸೆ ಕೊಡುತ್ತಾರೆ’ ಎಂದು. ಎಲ್ಲ ದೂರುಗಳೂ ಸತ್ಯವೆಂದು ನಾವು ಹೇಳಿಲ್ಲ. ಆದರೆ ಸುಳ್ಳು ದೂರಿಗೆ ಮದ್ದು ಬೇರೆಯೇ ಇದೆ. ಮೇಲೆ ಹೇಳಿದ ಬೆಂಗಳೂರಿನ ಪ್ರಕರಣದಲ್ಲೇ, ದೂರದ ಊರುಗಳಲ್ಲಿದ್ದ ನೆಂಟರ ಮೇಲೆ ನಿರ್ದಿಷ್ಟ ಆರೋಪವಿಲ್ಲ ಎಂದು ಅವರನ್ನು ಸುಪ್ರೀಂ ಕೋರ್ಟು ಕೈಬಿಟ್ಟಿತು. ಬಂಧನ ತಾನಾಗಿಯೇ ಆಗಕೂಡದು, ಕಾರಣ ಬರೆಯಬೇಕು ಎಂದು 2014ರಲ್ಲೇ ಹೇಳಿಯಾಗಿದೆ. ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಮುದುಕರನ್ನು ಅಲೆಸದಿರಲು ಇಷ್ಟೆಲ್ಲ ದಾರಿಗಳಿವೆ. ಹೆಣ್ಣಿಗೆ ಇರುವ ದಾರಿ ಒಂದೇ, ತನ್ನ ಊರಿನ ಕೋರ್ಟು. ಅದನ್ನೂ ಮುಚ್ಚಿ ಎನ್ನುವವರು ಮುದುಕರ ಕಾಲುನೋವಿನ ಬಗ್ಗೆ ಮಾತಾಡುತ್ತಿಲ್ಲ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ‘ಓಡಾಡೋಕೇನು ಕಷ್ಟ?’ ಎಂದು ಹಂಗಿಸುವವರೂ ಸಿಕ್ಕಿದರು. ಟಿಕೆಟ್ ಇಲ್ಲ ಸರಿ. ಕಳೆದುಕೊಂಡ ದಿನದ ಕೂಲಿಯನ್ನು ಯಾವ ಕಂಡಕ್ಟರು ಕೊಡುತ್ತಾನೆ?

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಒಬ್ಬಳೇ ಹೆಂಗಸಿನ ಹೆಸರಿನಲ್ಲಿ ಒಂದು ಕೋರ್ಟಿನಲ್ಲಿ ಜೀವನಾಂಶ, ಇನ್ನೊಂದರಲ್ಲಿ ಕೌಟುಂಬಿಕ ಹಿಂಸೆ, ಮತ್ತೊಂದರಲ್ಲಿ ವಿಚ್ಛೇದನಕ್ಕೆ ಉತ್ತರ ಹೀಗೆ ಕೇಸು ಹರಡಿಬಿಡುವ ವಕೀಲರಿದ್ದಾರೆ. ಪ್ರತಿ ವಾಯಿದೆಗೂ ಫೀಸು. ಇದು ಬೇಕಿಲ್ಲ. ಜೀವನಾಂಶದ ಅರ್ಜಿಯನ್ನು ಹೆಂಡತಿ ವಾಸವಿರುವ ಕಡೆ ಹಾಕಬಹುದೆಂದು ಹಳೆಯ 126ನೇ ಕಲಂನಲ್ಲಿತ್ತು, ಈಗಿನ 145ನೇ ಕಲಂನಲ್ಲೂ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ 2003ರ ತಿದ್ದುಪಡಿ ಹೆಂಡತಿಗೆ ತಾನಿರುವ ಊರಿನಲ್ಲೇ ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಕೌಟುಂಬಿಕ ಹಿಂಸೆ ಕಾಯ್ದೆಯ 26ನೇ ಕಲಂ ಪ್ರಕಾರ, ನಡೆಯುತ್ತಿರುವ ಬೇರೆ ಕೇಸಿನಲ್ಲೇ ರಕ್ಷಣೆ, ವಾಸ, ಹಣ ಎಲ್ಲವನ್ನೂ ಕೇಳಿಕೊಳ್ಳಬಹುದು. ಒಂದು ಕಡೆ ಸಿಕ್ಕ ಜೀವನಾಂಶವನ್ನು ಇನ್ನೊಂದು ಕಡೆ ಮುಚ್ಚಿಡಕೂಡದು ಎಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಂಡ ಹೆಂಡತಿ ಇಬ್ಬರೂ ಆಸ್ತಿ ವರಮಾನದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಎಂದೂ ಹೇಳಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸಿಗೆ ವರಮಾನದ ಮಿತಿ ಇಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಲ್ಲಿದೆ. ‘ರಕ್ಷಣಾಧಿಕಾರಿಯ ವರದಿ ಬಂದಿಲ್ಲ’ ಎಂದು ತಿಂಗಳುಗಟ್ಟಲೆ ಕಾಯಿಸಿದರೆ ಒಪ್ಪಬೇಡಿ. ನಮ್ಮ ತಾಲ್ಲೂಕುಗಳಲ್ಲಿ ಆ ಅಧಿಕಾರಿ ಅಂಗನವಾಡಿಗಳ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅವರಿಗೂ ಎರಡೇ ಕೈ. ಆ ವರದಿಗಾಗಿ ಕಾಯದೆಯೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು ಎಂದು 2022ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ಆದೇಶ ಸಿಕ್ಕಿದ ಮೇಲೆ ಬರುವುದು ಇನ್ನೊಂದು ಗಡಿ. ಜೀವನಾಂಶ ಕಟ್ಟದ ಗಂಡನ ಮೇಲೆ ವಾರಂಟು ಹೊರಟು ಪಕ್ಕದ ಜಿಲ್ಲೆಯ ಠಾಣೆಗೆ ಹೋಗುತ್ತದೆ. ‘ಆಸಾಮಿ ಮನೆಯಲ್ಲಿ ಸಿಗಲಿಲ್ಲ’ ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಆಸಾಮಿ ಆ ಹೊತ್ತಿಗೆ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಚೀಲದ ಮೇಲೆ ಕೂತಿರುತ್ತಾನೆ.

ಇಲ್ಲೇ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಬಳಸಿದ ಅರ್ಜಿಯನ್ನು ನಾನು ನಮ್ಮ ಸೀಮೆಯಲ್ಲಿ ಈವರೆಗೆ ಕಂಡಿಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಕಲಂನ 6ನೇ ಉಪಕಲಂ ಹೀಗೆ ಹೇಳುತ್ತದೆ: ಆದೇಶದಂತೆ ಗಂಡ ಹಣ ಕೊಡದಿದ್ದರೆ, ಅವನಿಗೆ ಸಂಬಳ ಕೊಡುವವನಿಗೆ ಅಥವಾ ಅವನಿಗೆ ಹಣ ಕೊಡಬೇಕಾದ ಸಾಲಗಾರನಿಗೆ ಮ್ಯಾಜಿಸ್ಟ್ರೇಟರು ನೇರವಾಗಿ ಆದೇಶ ಮಾಡಿ, ಅದರಲ್ಲಿ ಒಂದು ಪಾಲನ್ನು ಹೆಂಡತಿಗೆ ಕೊಡಿಸಬಹುದು ಅಥವಾ ಕೋರ್ಟಿನಲ್ಲಿ ಕಟ್ಟಿಸಬಹುದು. ಸಂಬಳದವರ ವಿಷಯದಲ್ಲಿ ಇದನ್ನು ಎಲ್ಲರೂ ಬಲ್ಲರು. ತೋಟದವನಿಗೆ ಸಂಬಳ ಎಲ್ಲಿ ಎಂದು ಸುಮ್ಮನಾಗುತ್ತಾರೆ. ಕೊಬ್ಬರಿ ಹಾಕಿ, ಪಟ್ಟಿ ಬರೆಸಿ, ಹಣ ಇನ್ನೂ ಮಂಡಿಯವರ ಹತ್ತಿರ ಬಾಕಿ ಇದ್ದರೆ ಆ ಮಂಡಿ ವರ್ತಕ ಕಾನೂನಿನ ಕಣ್ಣಿನಲ್ಲಿ ಗಂಡನ ಸಾಲಗಾರನೇ ತಾನೆ? ಬಾಡಿಗೆ ಕೊಡುವ ಅಂಗಡಿಯವನೂ ಹೌದು. ತೋಟ ಗುತ್ತಿಗೆ ಹಿಡಿದವನೂ ಹೌದು. ಯಾವ ಮಂಡಿ, ಯಾವ ತಿಂಗಳು, ಎಷ್ಟು ಚೀಲ ಎಂಬುದು ಹೆಂಡತಿಗೆ ಗೊತ್ತಿರುತ್ತದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಬಿಡಿಸಿ, ಆರಿಸಿ ಚೀಲಕ್ಕೆ ತುಂಬಿದವಳು ಅವಳಲ್ಲವೆ? 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಾಗ ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಅಂಗೈ ಒಡೆದುಕೊಂಡವಳ ಹೆಸರು ಪಹಣಿಯಲ್ಲಿ ಇರಲಿಲ್ಲ.

ಈಗ ಇದೇ ನಾಣ್ಯದ ಇನ್ನೊಂದು ಮುಖ. ಹೆಣ್ಣು ಕೋರ್ಟಿಗೆ ಹೋದ ಕೂಡಲೇ ಗಂಡನ ಕಡೆಯವರು ತೆಗೆಯುವ ಕೊನೆಯ ಅಸ್ತ್ರ ‘ಅವಳಿಗೆ ತಲೆ ಸರಿಯಿಲ್ಲ’ ಎಂಬುದು. ನಿದ್ರೆ ಮಾತ್ರೆ ಬರೆದುಕೊಟ್ಟ ಯಾವುದೋ ಡಾಕ್ಟರ ಚೀಟಿ ಸಾಕು. ತವರಿನ ಅಣ್ಣತಮ್ಮಂದಿರೂ ಇದಕ್ಕೆ ಹಿಂದೆ ಬಿದ್ದಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದ ಮೇಲೆ, ವಿಧವೆ ಅಕ್ಕನೊಬ್ಬಳು ಒಂದೆಕರೆ ತೆಂಗು ಕೇಳಿದರೆ ಅವಳು ದಿಢೀರನೆ ‘ಮೆಂಟಲ್’ ಆಗುವುದನ್ನು ನಾವು ಕಂಡಿದ್ದೇವೆ. ಅವಳ ಪರವಾಗಿ ಸಹಿ ಹಾಕಲು ‘ಪಾಲಕ’ನಾಗಿ ಮುಂದೆ ಬರುವವನು ಅದೇ ತಮ್ಮ.

ಗೆಳತಿಯರೇ, ಇದು ಅವನ ಮಾತಿನಷ್ಟು ಸುಲಭವಲ್ಲ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಆಗುವುದಿಲ್ಲ. ಅದನ್ನು ಹೇಳಬೇಕಾದ್ದು ಸಕ್ಷಮ ಕೋರ್ಟು. ಕೇಸಿನಲ್ಲಿ ಒಬ್ಬರು ಮಾನಸಿಕ ಕಾಯಿಲೆಯ ಪುರಾವೆ ಹಾಜರುಪಡಿಸಿ ಇನ್ನೊಬ್ಬರು ಅಲ್ಲಗಳೆದರೆ, ಕೋರ್ಟು ಅದನ್ನು ಪರಿಶೀಲನೆಗೆ ಮಾನಸಿಕ ಆರೋಗ್ಯ ಮಂಡಳಿಗೆ ಕಳಿಸಬೇಕು ಎಂದು 105ನೇ ಕಲಂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪೂರ್ಣ ಪಾಲಕತ್ವವನ್ನು ತೆಗೆದು ‘ಸೀಮಿತ ಪಾಲಕತ್ವ’ ತಂದಿದೆ. ಅಂದರೆ ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಕೇಳಿಕೊಂಡು ಜೊತೆಯಲ್ಲಿ ತೀರ್ಮಾನ ಮಾಡುವುದು. ಬೆಂಬಲ ಕೊಡುವವನಿಗೆ ಆ ವ್ಯವಹಾರದಲ್ಲಿ ಸ್ವಂತ ಲಾಭವಿದ್ದರೆ ಅವನು ದೂರ ಸರಿಯಬೇಕು ಎಂದೂ ಇದೆ. ಒಂದೆಕರೆ ತೆಂಗಿನ ತಮ್ಮನಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಆದರೆ ಇದೇ ಕಾನೂನು ಒಂದು ಕಡೆ ನಮ್ಮ ಹೆಂಗಸರನ್ನು ನಡುನೀರಿನಲ್ಲಿ ಬಿಟ್ಟಿದೆ. ಮರ ಹತ್ತಿದ ಗಂಡ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ ಎನ್ನಿ. ತೆಂಗಿನ ಸೀಮೆಯಲ್ಲಿ ಇದು ಅಪರೂಪವಲ್ಲ. ಪಹಣಿ ಅವನದು, ಬ್ಯಾಂಕಿನ ಖಾತೆ ಅವನದು. ಆಸ್ಪತ್ರೆಗೆ ಕಟ್ಟಲು ಅವನದೇ ಹಣವನ್ನು ಹೆಂಡತಿ ಕೇಳಿದರೆ ‘ಕೋರ್ಟ್ ಆರ್ಡರ್ ತನ್ನಿ’ ಎನ್ನುತ್ತಾರೆ. ಯಾವ ಕೋರ್ಟು? 1890ರ ಪಾಲಕರ ಕಾಯ್ದೆ ಎಳೆಯ ಮಕ್ಕಳಿಗೆ ಮಾತ್ರ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥರ ಆಸ್ತಿ ನೋಡಿಕೊಳ್ಳುವವರನ್ನು ನೇಮಿಸಲು ಅವರು ವಾಸವಿರುವ ಕಡೆಯ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿತ್ತು. ಹೊಸ ಕಾಯ್ದೆ ಬಂದಾಗ ಆ ಅಧ್ಯಾಯವೇ ಹೋಯಿತು. ಪ್ರಜ್ಞೆ ತಪ್ಪಿ ಮಲಗಿದವನಿಗೆಂದು ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ಇಂಥವರು ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿಗೆ ರಿಟ್ ಹಾಕುತ್ತಿದ್ದಾರೆ. ಕೇರಳದ ಹೈಕೋರ್ಟು 2019ರಲ್ಲಿ ಇದಕ್ಕೆ ಕ್ರಮ ಹಾಕಿಕೊಟ್ಟಿತು: ವೈದ್ಯಕೀಯ ಮಂಡಳಿಯ ತಪಾಸಣೆ, ತಹಸೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ಮನೆಗೆ ಹೋಗಿ ವಿಚಾರಣೆ, ವಾರಸುದಾರರೆಲ್ಲರ ವಿವರ, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಲೆಕ್ಕ. ಕ್ರಮವೇನೋ ಒಳ್ಳೆಯದು. ಆದರೆ ತುರುವೇಕೆರೆಯ ಹೆಂಗಸಿಗೆ ಹೈಕೋರ್ಟು ಎಂದರೆ ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರು, ಅಲ್ಲಿನ ವಕೀಲರು, ಅಲ್ಲಿನ ಫೀಸು. ಹೊಡೆಯುವ ಗಂಡನ ಮೇಲೆ ಅರ್ಜಿ ಹಾಕಲು ತಾಲ್ಲೂಕಿನ ಕೋರ್ಟು ಸಾಕು; ಬಿದ್ದ ಗಂಡನನ್ನು ಸಾಕಲು ರಾಜಧಾನಿಗೆ ಹೋಗಬೇಕು. ಇದಾವ ಲೆಕ್ಕ?

ಈ ಅಧಿಕಾರವನ್ನು ಜಿಲ್ಲೆಗೆ, ತಿಪಟೂರಿನಂಥ ಕಡೆ ಕೂರುವ ನ್ಯಾಯಾಧೀಶರಿಗೆ ಕೊಡಿ ಎಂದು ನಾವು ಕೇಳಬೇಕು. ಕೇಳುವಾಗ ಒಂದು ಎಚ್ಚರವೂ ಬೇಕು. ಹಿಂಸೆಯ ಕೇಸಿನಲ್ಲಿ ‘ತಾತ್ಕಾಲಿಕ ವಾಸ’ ಹೆಣ್ಣಿಗೆ ಆಸರೆ, ಏಕೆಂದರೆ ಅಲ್ಲಿಗೆ ಬಂದವಳು ಅವಳೇ. ಪಾಲಕತ್ವದಲ್ಲಿ ಹಾಗಲ್ಲ. ಮಲಗಿದವನಿಗೆ ತನ್ನ ವಾಸವನ್ನು ಆರಿಸುವ ಶಕ್ತಿ ಇಲ್ಲ. ಗಂಡನ ಅಣ್ಣ ಅವನನ್ನು ಆಂಬುಲೆನ್ಸಿನಲ್ಲಿ ತನ್ನ ಊರಿಗೆ ಸಾಗಿಸಿ, ‘ಈಗ ನನ್ನ ಮನೆಯಲ್ಲಿ ವಾಸ’ ಎಂದು ಅಲ್ಲಿನ ಕೋರ್ಟಿನಲ್ಲಿ ಪಾಲಕನಾಗಿಬಿಟ್ಟರೆ ಹೆಂಡತಿ ಮಕ್ಕಳ ಗತಿ? ಆದ್ದರಿಂದ ಪಾಲಕತ್ವಕ್ಕೆ ಬೇಕಾದ್ದು ಅವನು ಬೀಳುವ ಮುಂಚೆ ಬಾಳಿದ ಊರಿನ ಕೋರ್ಟು, ಹೆಂಡತಿಗೆ ನೋಟೀಸು, ನ್ಯಾಯಾಧೀಶರೋ ಅವರು ಕಳಿಸಿದವರೋ ಕಣ್ಣಾರೆ ಕಂಡ ವರದಿ.

ಹುಳಿಯಾರು ಕಡೆಯ ಹುಡುಗಿಯ ಅರ್ಜಿ ಅವಳ ತವರಿನ ತಾಲ್ಲೂಕಿನ ಕೋರ್ಟಿನಲ್ಲೇ ನಡೆಯುತ್ತಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಅವಳದು ಎಂಟನೆಯ ತಿಂಗಳು. ವ್ಯಾಪ್ತಿಯ ತಕರಾರು ವಜಾ ಆಯಿತು, ಮಧ್ಯಂತರ ಜೀವನಾಂಶದ ಆದೇಶವಾಯಿತು, ಹಣ ಬಂದಿಲ್ಲ. ಅವಳು ಒಂದು ಹಾಳೆಯಲ್ಲಿ ಮೂರು ಮಂಡಿಗಳ ಹೆಸರು, ಹಾಕಿದ ಚೀಲ, ತಿಂಗಳು ಬರೆದುಕೊಟ್ಟಿದ್ದಾಳೆ. 20(6)ರ ಅರ್ಜಿಯನ್ನು ಮುಂದಿನ ವಾಯಿದೆಗೆ ಹಾಕುತ್ತಿದ್ದೇವೆ.